ರಸೀದಿ ಹರಿಯುವುದನ್ನು ನಮ್ಮ ಸಭೆಗಳಿಗೆ ಯಾರು ಕಲಿಸುತ್ತಾರೆ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು. ಒಂದು ಕ್ರೈಸ್ತ ಸಭೆಯ, ಅಂದರೆ ಒಂದು ಚರ್ಚಿಗೆ ಸೇರಿದ ಜನರ, ಎರಡು ಗುಂಪುಗಳು ಲೆಕ್ಕಪತ್ರದ ವಿಚಾರಕ್ಕೆ ಜಗಳವಾಡಿ ಪೊಲೀಸ್ ಠಾಣೆಗೆ ಹೋದ ಸುದ್ದಿ. ಹತ್ತು ಸಾಲು ಇತ್ತೇನೋ. ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅದು ನಮ್ಮ ಸಭೆಯ ಸುದ್ದಿ ಅಲ್ಲ. ಆದರೆ ನಮ್ಮದೂ ಆಗಬಹುದಿತ್ತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಗದಗ ಜಿಲ್ಲೆಯವಳು. ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತಳಾಗಿ ಸೇರಿ, ಕಾರ್ಯದರ್ಶಿಯಾಗಿ ನಿವೃತ್ತಳಾದೆ. ಒಟ್ಟು 31 ವರ್ಷ. ಮೂರು ವರ್ಷದಿಂದ ನಮ್ಮ ಸಭೆಯ ಖಜಾಂಚಿ. ಸುಮಾರು 90 ಮನೆಗಳ ಸಭೆ ನಮ್ಮದು. ನೇಕಾರರು, ಸಾಲಿ ಮಾಸ್ತರರು, ನರ್ಸುಗಳು, ಬಸ್ ಡ್ರೈವರುಗಳು, ಕೂಲಿ ಮಾಡುವವರು ಎಲ್ಲರೂ ಇದ್ದಾರೆ. ಸಭೆಯ ಹೆಸರು ಬರೆಯುವುದಿಲ್ಲ. ಯಾರ ಮೇಲೂ ದೂರು ಹೇಳಲು ನಾನು ಕೂತಿಲ್ಲ.

ಮೊದಲು ಒಂದು ಕುಂಬಳಕಾಯಿಯ ಕಥೆ ಹೇಳುತ್ತೇನೆ.

ನಮ್ಮಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ. ಹಾರ್ವೆಸ್ಟ್ ಅಂತ ಕರೆಯುವವರೇ ಜಾಸ್ತಿ. ಹೊಲ ಇದ್ದವರು ಜೋಳದ ತೆನೆ, ಕಡಲೆ, ಮೆಣಸಿನಕಾಯಿ ತಂದು ಪೀಠದ ಮುಂದೆ ಇಡುತ್ತಾರೆ. ಹೊಲ ಇಲ್ಲದವರು ಶೇಂಗಾ ಹೋಳಿಗೆ ಮಾಡಿ ತರುತ್ತಾರೆ, ಇಲ್ಲವೇ ಒಂದು ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು, ಅಂದರೆ ಹರಾಜು. ಒಂದೇ ಕೋಳಿ ಮೂರು ಸಲ ಸವಾಲಿಗೆ ಬರುತ್ತದೆ. ಯಾಕೆಂದರೆ ಹಿಡಿದವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ. ನನಗೆ ವರ್ಷದ ಎಲ್ಲ ದಿನಗಳಲ್ಲಿ ಇದೇ ಹೆಚ್ಚು ಇಷ್ಟದ ದಿನ. ಆದರೆ ಆ ಗದ್ದಲದಲ್ಲಿ ಅರ್ಧ ಜನ ಉದ್ರಿ ಹೇಳುತ್ತಾರೆ. "ಬರಕೋರಿ, ಪಗಾರ ಆದ ಮ್ಯಾಲ ಕೊಡ್ತೀನಿ." ಯಾರೋ ಒಬ್ಬರು ಹಾಡಿನ ಹಾಳೆಯ ಹಿಂದೆ ಬರೆದುಕೊಳ್ಳುತ್ತಾರೆ.

ನಾನು ಖಜಾಂಚಿ ಆಗುವ ಹಿಂದಿನ ವರ್ಷ, ಒಬ್ಬ ಆಯಿ 300 ರೂಪಾಯಿಗೆ ಒಂದು ಕುಂಬಳಕಾಯಿ ಹಿಡಿದರು. ಗಂಡ ಇಲ್ಲ. ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುವವರು. ಹದಿನೈದು ದಿನಕ್ಕೆ ದುಡ್ಡು ಹೊಂದಿಸಿಕೊಂಡು ಬಂದು, ಚರ್ಚಿನ ಗೇಟಿನ ಹತ್ತಿರ ಒಬ್ಬ ಸಭಾಹಿರಿಯರ ಕೈಗೆ ಕೊಟ್ಟರು. ಮೂರು ನೂರರ ನೋಟು. ಅವರು ಅಂಗಿಯ ಜೇಬಿಗೆ ಹಾಕಿಕೊಂಡರು. ರಸೀದಿ ಆಯಿ ಕೇಳಲಿಲ್ಲ, ಇವರು ಕೊಡಲಿಲ್ಲ.

ಮುಂದಿನ ಸುಗ್ಗಿ ಹಬ್ಬದ ದಿನ, ಪ್ರಕಟಣೆಯ ಹೊತ್ತಿಗೆ, ಬಾಕಿ ಇರುವವರ ಪಟ್ಟಿ ಓದಿದರು. ಆಯಿಯ ಹೆಸರೂ ಬಂತು. ನಾನು ಅವರ ಹಿಂದಿನ ಬೆಂಚಿನಲ್ಲೇ ಇದ್ದೆ. ಆಯಿ ಏನೂ ಮಾತಾಡಲಿಲ್ಲ. ಸೆರಗು ತಲೆ ಮೇಲೆ ಎಳೆದುಕೊಂಡರು. ಮುಂದಿನ ಕೀರ್ತನೆಗೆ ಎಲ್ಲರೂ ಎದ್ದು ನಿಂತಾಗ ಪಕ್ಕದ ಬಾಗಿಲಿಂದ ಹೊರಗೆ ಹೋದರು. ನಾಲ್ಕು ತಿಂಗಳು ಚರ್ಚಿಗೆ ಬರಲಿಲ್ಲ.

ಅಷ್ಟರಲ್ಲಿ ಖಜಾಂಚಿ ಕೆಲಸ ನನ್ನ ಹೆಗಲಿಗೆ ಬಿದ್ದಿತ್ತು. ಹಳೆ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ಆಗ ಚರ್ಚಿನ ಚಾವಣಿ ರಿಪೇರಿಗೆ ಬೇರೆ ಒಂದು ವಂತಿಗೆ ನಡೆದಿತ್ತು. ಆ ಚೀಟಿಗಳ ನಡುವೆ ಒಂದು ಸಾಲು ಸಿಕ್ಕಿತು. "300, ಕೈಯಿಂದ." ಹೆಸರಿಲ್ಲ. ಆ ಹಿರಿಯರನ್ನು ಕರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನೆನಪಾಯಿತು. ಆ ದಿನ ಸಂಜೆ ತಮ್ಮ ದುಡ್ಡಿನ ಜೊತೆ ಆಯಿಯ ದುಡ್ಡನ್ನೂ ಚಾವಣಿ ಡಬ್ಬಿಗೆ ಹಾಕಿಬಿಟ್ಟಿದ್ದರು. ಅಲ್ಲೇ ಕುರ್ಚಿ ಮೇಲೆ ಕೂತು ಅತ್ತುಬಿಟ್ಟರು. ಒಂದು ಪೈಸೆ ಮುಟ್ಟುವ ಮನುಷ್ಯ ಅಲ್ಲ ಅವರು. ಯಾರೂ ಕದ್ದಿರಲಿಲ್ಲ. ದುಡ್ಡು ಸಭೆಯೊಳಗೇ ಇತ್ತು.

ಸಭಾಪಾಲಕರು (ನಮ್ಮ ಪಾದ್ರಿ), ಆ ಹಿರಿಯರು, ನಾನು, ಮೂವರೂ ಆಯಿಯ ಮನೆಗೆ ಹೋದೆವು. ಅವರು ಕಂಡಿಕೆ ಸುತ್ತುವುದನ್ನು ನಿಲ್ಲಿಸಲಿಲ್ಲ. ಹಿರಿಯರು ಹೊಸ್ತಿಲ ಹತ್ತಿರ ಕೂತು "ಆಯಿ, ತಪ್ಪು ನಂದು" ಅಂದರು. ಆಯಿ ರಾಟೆ ನೋಡುತ್ತಲೇ ಹೇಳಿದರು: "ರೊಕ್ಕದ್ದು ಬಿಡಪಾ. ಎಲ್ಲಾರ ಮುಂದ ಹೆಸರು ಓದಿದ್ರೆಲ್ಲಾ, ಅದನ್ನ ಹೆಂಗ ಹೊಳ್ಳಿ ತಗೋತೀರಿ?"

ಆ ಭಾನುವಾರ ಸಭಾಪಾಲಕರು ಪ್ರಸಂಗಕ್ಕೆ ಮೊದಲು ಆಯಿಯ ಹೆಸರು ಮತ್ತೆ ಓದಿದರು. ದುಡ್ಡು ಸಂದಿದೆ, ತಪ್ಪು ಸಭೆಯದು, ಕ್ಷಮೆ ಕೇಳುತ್ತೇವೆ ಎಂದರು. ಆಯಿ ಆ ವಾರ ಬಂದಿರಲಿಲ್ಲ. ಮುಂದಿನ ವಾರ ಬಂದರು, ಕಡೆಯ ಬೆಂಚಿನಲ್ಲಿ ಕೂತರು.

ಸಂಪಾದಕರೇ, ಸಭೆಯ ಆಡಳಿತ ಅಂದರೆ ನನಗೆ ಈ ಕಥೆಯೇ ಕಣ್ಣ ಮುಂದೆ ಬರುತ್ತದೆ. ಆಡಳಿತ ಅನ್ನುವುದು ಲೌಕಿಕ ಕೆಲಸ, ಪ್ರಾರ್ಥನೆ ಪ್ರಸಂಗವೇ ನಿಜವಾದ ಸೇವೆ ಎಂದು ನಮ್ಮ ಜನ ತಿಳಿದಿದ್ದಾರೆ. ಒಂದು ರಸೀದಿ ಇಲ್ಲದೆ ಒಬ್ಬ ವಿಶ್ವಾಸಿ ನಾಲ್ಕು ತಿಂಗಳು ದೇವರ ಮನೆಯಿಂದ ದೂರ ಉಳಿದರಲ್ಲ, ಅದು ಲೌಕಿಕವೇ?

ನಾನು ಸಂಘದಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ನನ್ನನ್ನು ಧಾರವಾಡಕ್ಕೆ ತರಬೇತಿಗೆ ಕಳಿಸಿದ್ದರು. ರೋಜುಕೀರ್ದಿ (ದಿನದ ಜಮಾಖರ್ಚಿನ ಪುಸ್ತಕ) ಬರೆಯುವುದು, ದಿನದ ಕೊನೆಗೆ ಶಿಲ್ಕು (ಉಳಿದ ನಗದು) ತಾಳೆ ನೋಡುವುದು, ಠರಾವು (ನಿರ್ಣಯ) ಬರೆಯುವುದು, ಮೀಟಿಂಗಿನ ನಡಾವಳಿಗೆ ಸಹಿ ತೆಗೆದುಕೊಳ್ಳುವುದು ಎಲ್ಲ ಕಲಿತೆ. 40 ಪೈಸೆ ತಾಳೆ ಆಗದಿದ್ದರೆ ನಾವು ಮನೆಗೆ ಹೋಗುತ್ತಿರಲಿಲ್ಲ. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದಾಗಿನಿಂದ ಈ ಶಿಸ್ತು ಬೆಳೆದು ಬಂದಿದೆ. ವರ್ಷಕ್ಕೊಮ್ಮೆ ಆಡಿಟ್ ಆಗಲೇಬೇಕು. ಸೆಪ್ಟೆಂಬರ್ 25ರೊಳಗೆ ಸರ್ವ ಸದಸ್ಯರ ಸಭೆ ಕರೆದು ಲೆಕ್ಕ ಮಂಡಿಸಲೇಬೇಕು. ಎರಡು ಎಕರೆ ರೈತ ಕೂಡ ಎದ್ದು ನಿಂತು "ಈ ಖರ್ಚು ಯಾಕ?" ಎಂದು ಕೇಳುತ್ತಾನೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಚರ್ಚಿನಲ್ಲಿ ಹಾಗಿರಲಿಲ್ಲ. ನಾನು ಖಜಾಂಚಿ ಆದ ಮೊದಲ ಭಾನುವಾರ ವೆಸ್ಟ್ರಿಯಲ್ಲಿ (ಚರ್ಚಿನ ಒಳಕೋಣೆಯಲ್ಲಿ) ಕಾಣಿಕೆ ಚೀಲ ಸುರಿದು ಒಬ್ಬರೇ ಎಣಿಸುತ್ತಿದ್ದರು. ಎಣಿಸಿ, ಒಂದು ಬಿಸ್ಕೀಟ್ ಡಬ್ಬಿಗೆ ಹಾಕಿ, ಮೊತ್ತ ಬಾಯಲ್ಲಿ ಹೇಳಿದರು. ಇಬ್ಬರು ಎಣಿಸೋಣ, ಇಬ್ಬರೂ ಸಹಿ ಹಾಕೋಣ, ನಾಳೆಯೇ ಬ್ಯಾಂಕಿಗೆ ಕಟ್ಟೋಣ ಎಂದೆ. ಅವರ ಮುಖ ಸಣ್ಣದಾಯಿತು. "ಯಾಕ್ರೀ ಅಕ್ಕಾರ, ಇಷ್ಟು ವರ್ಷ ಆದ ಮ್ಯಾಲ ನಮ್ಮ ಮ್ಯಾಲ ಸಂಶೇ ಏನು?"

ನಾನು ಅಲ್ಲೇ ಇದ್ದ ಬೈಬಲ್ ತೆಗೆದು ಅಪೊಸ್ತಲ (ಯೇಸು ಕಳಿಸಿದ ಬೋಧಕ) ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ತೋರಿಸಿದೆ. ಯೆರೂಸಲೇಮಿನ ಬಡವರಿಗಾಗಿ ಸಭೆಗಳು ಕೂಡಿಸಿದ ದುಡ್ಡನ್ನು ಸಾಗಿಸಬೇಕಿತ್ತು. ಪೌಲ ಅದನ್ನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತನ್ನ ಜೊತೆಗಾರ ತೀತನನ್ನು ಕಳಿಸಿದ. ಅವನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸಿದ. ಈ ದೊಡ್ಡ ಮೊತ್ತದ ವಿಷಯದಲ್ಲಿ ನಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎನ್ನುವುದು ಅವನ ಕಾರಣ. ಪೌಲನನ್ನು ಯಾರು ಕಳ್ಳ ಅಂದಾರು? ಆದರೂ ಅವನೇ ಈ ಏರ್ಪಾಟು ಮಾಡಿಕೊಂಡ. ಎರಡನೇ ಸಹಿ ಅನ್ನುವುದು ಎಣಿಸುವವರ ಮಾನ ಕಾಯುವುದಕ್ಕೆ ಅಂತ ಹೇಳಿದೆ. ಆ ಅಣ್ಣ ಓದಿದರು, ಸುಮ್ಮನಾದರು, ಸಹಿ ಹಾಕಿದರು. ಈಗ ನಾನು ಮರೆತರೂ ಅವರೇ ಪುಸ್ತಕ ತಂದು ಇಡುತ್ತಾರೆ.

ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯವನ್ನೂ ನಾವು ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ಸ್ತೆಫನನಿಗೋಸ್ಕರ ಓದಿ ಮುಂದೆ ಹೋಗುತ್ತೇವೆ. ನಿಂತು ಓದಿದರೆ ಅದು ಊಟ ಹಂಚುವ ತಕರಾರು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂಬ ಗುಣುಗುಟ್ಟುವಿಕೆ. ಅಪೊಸ್ತಲರು ಅದನ್ನು ಮುಚ್ಚಿಡಲಿಲ್ಲ. ಎಲ್ಲರನ್ನೂ ಕೂಡಿಸಿ, ಒಳ್ಳೆ ಹೆಸರಿರುವ ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳು. ಅಂದರೆ ಯಾರು ದೂರು ತಂದರೋ ಅವರ ಕಡೆಯವರ ಕೈಗೇ ಹಂಚುವ ಕೆಲಸ ಕೊಟ್ಟರು! ನಮ್ಮ ಕಮಿಟಿಗಳಲ್ಲಿ ದೂರು ತಂದವರನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸುವುದು ಹೇಗೆ ಎಂದು ಯೋಚಿಸುತ್ತೇವೆ.

ನಮ್ಮ ಸಭಾಪಾಲಕರು ಚಿಕ್ಕ ವಯಸ್ಸಿನವರು. ಆಯಿಯ ಮನೆಯಿಂದ ಬರುವಾಗ ದಾರಿಯಲ್ಲಿ ನನಗೆ ಹೇಳಿದರು: "ಅಕ್ಕಾ, ನಾಲ್ಕು ವರ್ಷ ಬಿ.ಡಿ. (ದೇವಶಾಸ್ತ್ರದ ಪದವಿ) ಓದಿದೆ. ಗ್ರೀಕ್ ಕಲಿತೆ, ಸಭೆಯ ಇತಿಹಾಸ ಕಲಿತೆ. ಆಡಳಿತದ ಬಗ್ಗೆಯೂ ಓದಿದ್ದೆ, ಪರೀಕ್ಷೆಗೆ ಬರೆದೆ. ಆದರೆ ಒಂದು ಕ್ಯಾಶ್‌ಬುಕ್ಕನ್ನು ಕೈಯಲ್ಲಿ ಹಿಡಿದು ನೋಡಿದ್ದು ಇಲ್ಲಿಗೆ ಬಂದ ಮೇಲೆ." ಅವರ ಮೇಲೆ ಎಷ್ಟು ಕೆಲಸ ಇದೆ ಅಂದರೆ, ಕಮಿಟಿಯ ಅಧ್ಯಕ್ಷರೂ ಅವರೇ, ಸಭೆಯ ಶಾಲೆಗೆ ಜವಾಬ್ದಾರಿಯೂ ಅವರೇ, ಗಂಡ ಹೆಂಡತಿ ಜಗಳ ಬಿಡಿಸುವುದೂ ಅವರೇ, ಕರೆಂಟ್ ಬಿಲ್ ಕಟ್ಟುವುದೂ ಅವರೇ. ಬೈಬಲಿನ ವಿಮೋಚನಕಾಂಡದಲ್ಲಿ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ನ್ಯಾಯಕ್ಕೆ ಕೂತಿದ್ದನ್ನು ನೋಡಿ ಅವನ ಮಾವ ಇತ್ರೋ ಏನಂದ? ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ, ಹತ್ತು ಜನಕ್ಕೊಬ್ಬ, ಐವತ್ತಕ್ಕೊಬ್ಬ, ನೂರಕ್ಕೊಬ್ಬ, ಸಾವಿರಕ್ಕೊಬ್ಬ ಎಂದು ಹಂಚಿಕೊಡು ಎಂದ. ಅದಕ್ಕೂ ಮೊದಲು ಇನ್ನೊಂದು ಮಾತು ಹೇಳಿದ. ಅವರಿಗೆ ಕಟ್ಟಳೆಗಳನ್ನು ಕಲಿಸು, ಮಾಡಬೇಕಾದ ಕೆಲಸವನ್ನು ತೋರಿಸು ಎಂದ. ಹಂಚುವುದು ನಮಗೆ ಗೊತ್ತು. ಕಲಿಸುವುದನ್ನೇ ಬಿಟ್ಟಿದ್ದೇವೆ.

ನಮ್ಮಲ್ಲಿ ಒಬ್ಬರು 22 ವರ್ಷ ಕಾರ್ಯದರ್ಶಿ ಆಗಿದ್ದರು. ಬಹಳ ಒಳ್ಳೆಯವರು. ಚರ್ಚಿನ ಬೀಗದ ಕೈ, ಬ್ಯಾಂಕಿನ ಪುಸ್ತಕ, ಜಾಗದ ಕಾಗದ ಎಲ್ಲವೂ ಅವರ ಹತ್ತಿರ. ಯಾರಿಗೂ ತೊಂದರೆ ಕೊಡಬಾರದು ಎಂದು ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಒಂದು ದಿನ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಸ್ಮಶಾನದ ಜಾಗದ ಉತಾರ (ಪಹಣಿ ಕಾಗದ) ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ನಾವು ಹೋಗಿ ಕೇಳಿದಾಗ ಅವರು ಎಡಗೈಯಿಂದ ಏನೋ ತೋರಿಸುತ್ತಿದ್ದರು, ನಮಗೆ ತಿಳಿಯಲಿಲ್ಲ. ಅವರು ತೀರಿಕೊಂಡ ಎಷ್ಟೋ ತಿಂಗಳ ಮೇಲೆ ಅವರ ಹೆಂಡತಿಯ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ಸಿಕ್ಕಿತು. ಎಷ್ಟು ಜೋಪಾನ ಮಾಡಿದ್ದರು ಪಾಪ. ಮೂರು ವರ್ಷಕ್ಕೊಮ್ಮೆ ಬೇರೆಯವರು ಬಂದಿದ್ದರೆ, ಕೊನೆಯ ವರ್ಷ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ತೋರಿಸಿದ್ದರೆ, ಅವರಿಗೆ ಆ ಕಡೆಯ ದಿನಗಳ ಸಂಕಟ ಇರುತ್ತಿರಲಿಲ್ಲ.

ಇನ್ನು ಕಾನೂನಿನ ವಿಷಯ. ಕ್ರೈಸ್ತ ಮದುವೆಗಳು 1872ರ ಕಾಯ್ದೆಯ ಕೆಳಗೆ ನಡೆಯುತ್ತವೆ. ವಿಶೇಷ ಅನುಮತಿ ಇಲ್ಲದಿದ್ದರೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಮದುವೆ ಆಗಬೇಕು, ಸಾಕ್ಷಿಗಳ ಸಹಿ ಇರಬೇಕು, ರಿಜಿಸ್ಟರ್ ಸರಿಯಾಗಿ ತುಂಬಬೇಕು. ನಮ್ಮ ಸಭೆಯ ಒಬ್ಬ ನರ್ಸ್ ಹುಡುಗಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಗಂಡನ ವೀಸಾಕ್ಕೆ ಮದುವೆ ಸರ್ಟಿಫಿಕೇಟ್ ಬೇಕಾಯಿತು. ರಿಜಿಸ್ಟರ್ ತೆಗೆದು ನೋಡಿದರೆ ಹುಡುಗನ ಹೆಸರಿನ ಜಾಗದಲ್ಲಿ ಮನೆಯಲ್ಲಿ ಕರೆಯುವ ಹೆಸರು ಮಾತ್ರ. ಒಬ್ಬ ಸಾಕ್ಷಿಯ ಸಹಿಯೇ ಇಲ್ಲ. ಆ ಹುಡುಗಿ ಎರಡು ತಿಂಗಳು ವಕೀಲರ ಹತ್ತಿರ ಅಲೆದಳು. ಮದುವೆ ದಿನ ಐದು ನಿಮಿಷ ಜಾಸ್ತಿ ಕೂತು ಬರೆದಿದ್ದರೆ ಸಾಕಿತ್ತು.

ವಿದೇಶದಿಂದ ಬರುವ ದುಡ್ಡಿನ ಬಗ್ಗೆಯೂ ಗೊಂದಲ ಬಹಳ. ಚಾವಣಿ ರಿಪೇರಿಗೆ ಇಬ್ಬರು ದುಡ್ಡು ಕಳಿಸುತ್ತೇವೆ ಎಂದರು. ಒಬ್ಬ ಕುವೈತಿನಲ್ಲಿರುವ ಹುಡುಗ, ಭಾರತದ ಪಾಸ್‌ಪೋರ್ಟ್. ಇನ್ನೊಬ್ಬಳು ಅಮೆರಿಕದ ಪೌರತ್ವ ತೆಗೆದುಕೊಂಡವಳು. ಹುಡುಗ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಅವಳು ಕಳಿಸಿದರೆ ಆಗುತ್ತದೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲವೇ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತುಮಾಡಿದ ಶಾಖೆಯ ಖಾತೆಗೇ ಬರಬೇಕು. ಇಬ್ಬರೂ ನಮ್ಮ ಸಂಡೇ ಸ್ಕೂಲಿನಲ್ಲಿ ಒಂದೇ ಚಾಪೆ ಮೇಲೆ ಕೂತು ಬೆಳೆದವರು. ಒಬ್ಬರಿಂದ ತೆಗೆದುಕೊಂಡು ಇನ್ನೊಬ್ಬರಿಗೆ ಬೇಡ ಎಂದಾಗ ಕಮಿಟಿಯವರಿಗೆ ನಾನು ಭೇದ ಮಾಡಿದಂತೆ ಕಂಡಿತು. ಕಾನೂನು ಗೊತ್ತಿದ್ದರೆ ಆ ಮಾತೇ ಬರುತ್ತಿರಲಿಲ್ಲ.

ಇದಕ್ಕಿಂತ ದೊಡ್ಡದು ಮಕ್ಕಳ ವಿಷಯ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಸಭೆಯ ಮರ್ಯಾದೆ ಎಂದು ಹಿರಿಯರು ಕೂತು ಒಳಗೇ ಮುಗಿಸುವಂತಿಲ್ಲ. ಇದನ್ನು ನಾನು ಕಮಿಟಿಯಲ್ಲಿ ಹೇಳಿದಾಗ, ಹೀಗೊಂದು ಕಾನೂನು ಇದೆಯಾ ಎಂದು ಕೇಳಿದವರು ಒಬ್ಬಿಬ್ಬರಲ್ಲ. ನನಗೆ ಭಯವಾಯಿತು.

ಕಲಿಯಬೇಕು ಅಂದರೂ ಕನ್ನಡದಲ್ಲಿ ಏನಿದೆ? ನಿಯಮ ಪುಸ್ತಕ ಇಂಗ್ಲಿಷು. ಮೇಲಿನಿಂದ ಬರುವ ಸುತ್ತೋಲೆ ಇಂಗ್ಲಿಷು. ನಮ್ಮ ಹಿರಿಯರು ಓದಲಾರದೆ ಎಲ್ಲಿ ಸಹಿ ಹಾಕಬೇಕು ಎಂದು ಕೇಳುತ್ತಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಮೂರು ವರ್ಷಕ್ಕೆ ಧಾರವಾಡಕ್ಕೂ ಬಂದರು. ಬಂದವರು ಮೊದಲು ನಮ್ಮ ಭಾಷೆ ಕಲಿತರು. ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಅಷ್ಟು ದೂರದವರು ನಮಗಾಗಿ ಕನ್ನಡ ಕಲಿತರು, ನಾವು ನಮ್ಮದೇ ಸಭೆಯ ಕಟ್ಟಳೆಯನ್ನು ಕನ್ನಡದಲ್ಲಿ ಓದಲು ಆಗುತ್ತಿಲ್ಲ. 1914ರ ಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳನ್ನು ಸರ್ಕಾರ ಬಂಧಿಸಿಟ್ಟಾಗ, ಸಭೆಗಳನ್ನು ನಡೆಸುವ ಭಾರ ಒಮ್ಮೆಲೇ ಊರಿನವರ ಮೇಲೆ ಬಿತ್ತು. ಆಗ ಕಲಿಯಲು ಸಮಯವೇ ಇರಲಿಲ್ಲ. ಈಗ ನಮಗೆ ಸಮಯ ಇದೆ ಅಲ್ವಾ?

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. 2013ರಲ್ಲಿ ಪುಷ್ಪ ಲಲಿತಾ ಅವರು ಆಂಧ್ರದ ನಂದ್ಯಾಲದಲ್ಲಿ ಸಿಎಸ್‌ಐನ (ಚರ್ಚ್ ಆಫ್ ಸೌತ್ ಇಂಡಿಯಾ) ಮೊದಲ ಮಹಿಳಾ ಬಿಷಪ್ ಆದಾಗ ನಮ್ಮ ಸ್ತ್ರೀಯರ ಸಂಘದಲ್ಲಿ ಸಿಹಿ ಹಂಚಿದ್ದೆವು. ನಮ್ಮ ಸಂಘದ ಹೆಂಗಸರು ಚೀಟಿ ನಡೆಸುತ್ತಾರೆ, ಸ್ವಸಹಾಯ ಗುಂಪಿನ ಲೆಕ್ಕ ಬರೆಯುತ್ತಾರೆ, ಬ್ಯಾಂಕಿನ ಸಾಲ ತಿಂಗಳು ತಪ್ಪದೆ ಕಟ್ಟುತ್ತಾರೆ. ಸಭೆಯ ಕಮಿಟಿ ಕೂತಾಗ ಮಾತ್ರ ಚಹಾ ಉಪ್ಪಿಟ್ಟು ಮಾಡಲು ಅವರನ್ನು ನೆನೆಯುತ್ತಾರೆ. ಲೆಕ್ಕ ಬಲ್ಲವರು ಇಲ್ಲ ಎಂದು ಕೊರಗುವ ಸಭೆಗಳು ಒಮ್ಮೆ ಅಡುಗೆಮನೆ ಕಡೆ ತಿರುಗಿ ನೋಡಲಿ.

ನಾನು ಕೇಳುವುದು ದೊಡ್ಡದೇನಲ್ಲ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. ಬೆಂಗಳೂರಿನಲ್ಲಿ 1910ರಿಂದ ನಡೆಯುತ್ತಿರುವ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ. ಅಲ್ಲಿನ ಗುರುಗಳು ವರ್ಷಕ್ಕೊಮ್ಮೆ ನಮ್ಮ ಕಡೆ ಬರಲಿ. ಕಮಿಟಿಗೆ ಹೊಸದಾಗಿ ಆಯ್ಕೆಯಾದವರಿಗೆ, ಪ್ರಮಾಣ ತೆಗೆದುಕೊಳ್ಳುವ ಮೊದಲು, ಎರಡು ದಿನ ಕನ್ನಡದಲ್ಲಿ ಪಾಠ ಆಗಲಿ. ಭಾಷಣ ಬೇಡ. ಒಂದು ಖಾಲಿ ಕ್ಯಾಶ್‌ಬುಕ್, ಒಂದು ರಸೀದಿ ಪುಸ್ತಕ, ಒಂದು ಮದುವೆ ರಿಜಿಸ್ಟರ್, ಒಂದು ನಡಾವಳಿ ಪುಸ್ತಕ ಮುಂದಿಟ್ಟು ಅವರ ಕೈಯಿಂದಲೇ ಬರೆಸಲಿ. ಒಬ್ಬ ವಕೀಲರು, ಒಬ್ಬ ಆಡಿಟರ್ ಅರ್ಧ ದಿನ ಕೊಟ್ಟರೆ ಸಾಕು. ಜಗಳದ ಸಭೆಯನ್ನು ಹೇಗೆ ನಡೆಸಬೇಕು, ವಿರೋಧದ ಮಾತನ್ನು ನಡಾವಳಿಯಲ್ಲಿ ಹೇಗೆ ಬರೆಯಬೇಕು ಎಂಬುದನ್ನೂ ತೋರಿಸಲಿ. ದೇವಶಾಸ್ತ್ರದ ವಿಷಯ ಬೇಡ ಎಂದಲ್ಲ. ಪೌಲನ ಆ ಅಧ್ಯಾಯದಿಂದಲೇ ಶುರು ಮಾಡಲಿ.

ನಮ್ಮಲ್ಲಿ ಈಗ ಸುಗ್ಗಿ ಹಬ್ಬದ ಸವಾಲಿಗೆ ಮೂರು ಪ್ರತಿಯ ರಸೀದಿ ಪುಸ್ತಕ ಇದೆ. ಬಿಳಿ ಕೊಂಡವರಿಗೆ, ಹಳದಿ ನನಗೆ, ಗುಲಾಬಿ ಕಾರ್ಯದರ್ಶಿಗೆ. ಬಾಕಿ ಪಟ್ಟಿಯನ್ನು ಚರ್ಚಿನಲ್ಲಿ ಓದುವುದು ನಿಂತಿದೆ. ಬಾಕಿ ಇದ್ದವರ ಮನೆಗೆ ನಾನು ಅಥವಾ ಇನ್ನೊಬ್ಬರು ಹೋಗಿ, ಒಳಗೆ ಕೂತು, ಮೆಲ್ಲಗೆ ಕೇಳಿ ಬರುತ್ತೇವೆ. ಹೋದ ವರ್ಷ ಆಯಿ ಒಂದು ಡಜನ್ ಬಾಳೆಹಣ್ಣು ಹಿಡಿದರು, ಅಲ್ಲೇ ನಗದು ಕೊಟ್ಟರು. ಬಿಳಿ ರಸೀದಿಯನ್ನು ಎರಡು ಸಲ ಮಡಚಿ ಎಲೆಯಡಿಕೆ ಸಂಚಿಯೊಳಗೆ ಇಟ್ಟುಕೊಂಡರು.

ಗದಗ, ಕೊಪ್ಪಳ, ಹಾವೇರಿ, ಧಾರವಾಡದ ಯಾವುದೇ ಸಭೆಯವರು, ಯಾವ ಪಂಗಡದವರೇ ಆಗಿರಲಿ, ಇಂಥ ಪಾಠ ಇಡುವುದಾದರೆ ನಾನು ಬರುತ್ತೇನೆ. ಬಸ್ ಚಾರ್ಜು ಬೇಡ. ಬುತ್ತಿ ಕಟ್ಟಿಕೊಂಡು ಬರುತ್ತೇನೆ. ಶನಿವಾರ ಆದರೆ ಒಳ್ಳೆಯದು, ಭಾನುವಾರ ಎಣಿಸುವ ಕೆಲಸ ಇರುತ್ತದೆ. ನನ್ನ ವಿಳಾಸ ನಿಮ್ಮ ಕಚೇರಿಗೆ ಬೇರೆ ಚೀಟಿಯಲ್ಲಿ ಕಳಿಸಿದ್ದೇನೆ. ಕೇಳಿದವರಿಗೆ ದಯವಿಟ್ಟು ಕೊಡಿ.

ಇತಿ ನಿಮ್ಮ ಓದುಗರಲ್ಲಿ ಒಬ್ಬಳು,
ಸಭೆಯೊಂದರ ಖಜಾಂಚಿ,
ಗದಗ ಜಿಲ್ಲೆ